ವನಮಾಲಾ ಆರಿಸಿದ ಪ್ರೊಸೆಸರ್

“ಗುರುಗಳೇ, ದಿನನಿತ್ಯದ ಬರವಣಿಗೆಯ ಕೆಲಸಕ್ಕೆ ಒಂದು ಲ್ಯಾಪ್‌ಟಾಪ್ ಕೊಳ್ಳಬೇಕು. ಯಾವ ಪ್ರೊಸೆಸರ್ ಆರಿಸಲಿ?” ಎಂದು ಶಿಷ್ಯ ಮರುಳಸಿದ್ಧ ಕೇಳಿದ.

ಮಠದ ಬರವಣಿಗೆಯ ಹೊಣೆ ಅವನಿಗೆ ಬಂದು ಒಂದು ತಿಂಗಳಾಗಿತ್ತು. ಹಳೆಯ ಯಂತ್ರ ಕೆಟ್ಟಿತ್ತು. ಹೊಸದನ್ನು ನೀನೇ ನೋಡಿ ತಾ ಎಂದು ಗುರುಗಳು ಹೇಳಿದ್ದರು. ಅಂದಿನಿಂದ ಅವನು ಒಂದು ನೋಟುಪುಸ್ತಕದ ತುಂಬ ಅಂಕಿಗಳನ್ನು ಬರೆದುಕೊಂಡಿದ್ದ. ಒಂದನ್ನು ಆರಿಸಿದರೆ ಅದಕ್ಕಿಂತ ಇನ್ನೊಂದು ಮೇಲು ಎನ್ನುವವರು ಸಿಗುತ್ತಿದ್ದರು. ತಪ್ಪಿದರೆ ಐದಾರು ವರ್ಷ ಆ ತಪ್ಪಿನ ಜೊತೆಯೇ ಏಗಬೇಕು ಎಂಬ ಅಳುಕು ಅವನನ್ನು ಊಟಕ್ಕೆ ಕೂತಾಗಲೂ ಬಿಡುತ್ತಿರಲಿಲ್ಲ. ನೋಟುಪುಸ್ತಕವನ್ನು ಗುರುಗಳ ಮುಂದಿಟ್ಟ.

ಗುರುಗಳು ಅದನ್ನು ತೆರೆಯಲಿಲ್ಲ. ಕೂತುಕೋ ಎಂದು ಸನ್ನೆ ಮಾಡಿ ಈ ಕತೆ ಹೇಳಿದರು.

ಒಂದು ತಾಲ್ಲೂಕು ಕೇಂದ್ರದಲ್ಲಿ ವನಮಾಲಾ ಎಂಬ ಹೆಂಗಸು ಇದ್ದಳು. ಕಚೇರಿಯ ಎದುರಿನ ಚಿಕ್ಕ ಮಳಿಗೆಯಲ್ಲಿ ಕೂತು ಜನರ ಅರ್ಜಿಗಳನ್ನು ಬೆರಳಚ್ಚು ಮಾಡಿಕೊಡುವುದು ಅವಳ ಕಸುಬು. ಮೊದಲು ಟೈಪ್‌ರೈಟರ್ ಇತ್ತು, ಆಮೇಲೆ ಕಂಪ್ಯೂಟರ್ ಬಂತು. ಜನ ಅಳುತ್ತ ಹೇಳಿದ್ದನ್ನು, ಸಿಟ್ಟಿನಲ್ಲಿ ಹೇಳಿದ್ದನ್ನು, ಹಿಂದುಮುಂದಾಗಿ ಹೇಳಿದ್ದನ್ನು ಅವಳು ಓದುವವರಿಗೆ ತಿಳಿಯುವ ಹಾಗೆ ಬರೆಯುತ್ತಿದ್ದಳು. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. ಅವರು ಹೌದು ಎಂದ ಮೇಲೆಯೇ ಅಚ್ಚು ತೆಗೆಯುತ್ತಿದ್ದಳು. ಇಪ್ಪತ್ತೆರಡು ವರ್ಷ ಹೀಗೆ ನಡೆದಿತ್ತು. ವನಮಾಲಮ್ಮ ಬರೆದದ್ದು ಅಂದರೆ ಕಚೇರಿಯಲ್ಲಿ ವಾಪಸು ಬರುವುದಿಲ್ಲ ಎಂಬ ಹೆಸರಿತ್ತು.

ಒಂದು ದಿನ ಆ ಹೆಸರಿಗೆ ಪೆಟ್ಟು ಬಿತ್ತು. ಒಬ್ಬ ರೈತ ಮೇಲ್ಮನವಿ ಬರೆಸಲು ಬಂದಿದ್ದ. ಗಡುವು ಅದೇ ದಿನ ಐದು ಗಂಟೆಗೆ. ಬರೆದು ಮುಗಿಸುವ ಹೊತ್ತಿಗೆ ಸರಿಯಾಗಿ ಕಂಪ್ಯೂಟರ್ ನಿಂತುಹೋಯಿತು. ಪರದೆಯ ಮೇಲೆ ಒಂದು ಚಿಕ್ಕ ವೃತ್ತ ಸುತ್ತುತ್ತಲೇ ಇತ್ತು. ರೈತ ಸ್ಟೂಲಿನ ಮೇಲೆ ಕೂತು ಆ ವೃತ್ತವನ್ನೇ ನೋಡುತ್ತಿದ್ದ. ಐದು ಗಂಟೆ ದಾಟಿತು. ಅವನು ಅವಳಿಗೆ ಒಂದು ಮಾತೂ ಅನ್ನಲಿಲ್ಲ. ತನ್ನ ಹಳೆಯ ಕಾಗದಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಹೋದ. ಮಾರನೆಯ ದಿನ ಮನವಿಯನ್ನು ಕಚೇರಿಯವರು ತೆಗೆದುಕೊಳ್ಳಲಿಲ್ಲ.

ಬೈದಿದ್ದರೆ ಅವಳು ಮರೆಯುತ್ತಿದ್ದಳೋ ಏನೋ. ಅವನು ಬೈಯಲಿಲ್ಲ. ಅಂದಿನಿಂದ ಒಂದು ಕಡತ ತೆರೆಯುವುದು ಎರಡು ಕ್ಷಣ ತಡವಾದರೂ ಅವಳು ಗಡಿಯಾರ ನೋಡುತ್ತಿದ್ದಳು.

ಕೆಲವು ತಿಂಗಳ ಬಳಿಕ ಕಲ್ಲಹಟ್ಟಿಯಿಂದ ದುರ್ಗಪ್ಪ ಬಂದ. ಕಲ್ಲಹಟ್ಟಿ ಒಂದು ಹಳೆಯ ಕೆರೆಯ ಏರಿಯ ಪಕ್ಕದಲ್ಲಿತ್ತು. ಏರಿಗೆ ಕಲ್ಲು ಕಟ್ಟಲು ಬಂದವರು ಕೆಲಸ ಮುಗಿದ ಮೇಲೆ ಅಲ್ಲೇ ಉಳಿದುಕೊಂಡಿದ್ದರು. ಈಗ ಮೂವತ್ತನಾಲ್ಕು ಮನೆಗಳಾಗಿದ್ದವು. ಯಾರ ಕೈಯಲ್ಲೂ ಹಕ್ಕುಪತ್ರ ಇರಲಿಲ್ಲ. ಹಕ್ಕುಪತ್ರ ಇಲ್ಲದ್ದರಿಂದ ಕರೆಂಟೂ ಇರಲಿಲ್ಲ. ಇದಕ್ಕಾಗಿ ಅವರು ಕೊಟ್ಟ ಅರ್ಜಿಗಳನ್ನೆಲ್ಲ ಬರೆದವಳು ವನಮಾಲಾ.

“ಅಮ್ಮಾ, ಕೊನೆಗೂ ಅಧಿಕಾರಿಗಳು ಹಟ್ಟಿಗೇ ಬರ್ತಾರಂತೆ,” ಎಂದ ದುರ್ಗಪ್ಪ. “ಹತ್ತೊಂಬತ್ತನೇ ತಾರೀಕು. ಒಂದೇ ದಿನ. ಮನೆಗೊಬ್ಬರ ಹೇಳಿಕೆ ಅವರ ಎದುರಿಗೇ ಟೈಪ್ ಆಗಬೇಕಂತೆ. ಓದಿ ಹೇಳಿ ಹೆಬ್ಬೆಟ್ಟು ಒತ್ತಿಸ್ಕೋತಾರೆ. ನೀವೇ ಬಂದು ಬರೆದುಕೊಡಬೇಕು.”

ವನಮಾಲಾ ಒಪ್ಪಿದಳು. ದುರ್ಗಪ್ಪ ಹೋದ ಮೇಲೆ ಮೇಜಿನ ಮೇಲಿದ್ದ ಕಂಪ್ಯೂಟರನ್ನು ನೋಡಿದಳು. ಅದನ್ನು ಹೊತ್ತುಕೊಂಡು ಹೋಗುವ ಹಾಗಿಲ್ಲ. ಲ್ಯಾಪ್‌ಟಾಪ್ ಬೇಕು. ಮೂವತ್ತನಾಲ್ಕು ಹೇಳಿಕೆ, ಒಂದು ದಿನ. ನಡುವೆ ಯಂತ್ರ ನಿಂತರೆ? ಅವಳ ಕಣ್ಣಿಗೆ ಆ ಸುತ್ತುವ ವೃತ್ತ ಕಾಣಿಸಿತು. ಈ ಸಲ ಸ್ಟೂಲಿನ ಮೇಲೆ ಒಬ್ಬ ರೈತನಲ್ಲ, ಇಡೀ ಹಟ್ಟಿ ಕೂತಿರುತ್ತದೆ.

ಮೂರು ವಾರ ಸಮಯವಿತ್ತು. ಮಾರನೆಯ ದಿನವೇ ಅಂಗಡಿಗೆ ಹೋದಳು.

“ಯಾವ ಕೆಲಸಕ್ಕೆ ಮೇಡಂ?” ಎಂದು ಅಂಗಡಿಯವನು ಕೇಳಿದ.

“ಟೈಪಿಂಗಿಗೆ. ಅರ್ಜಿ, ಹೇಳಿಕೆ, ಒಂದೆರಡು ಪಟ್ಟಿ.”

ಅವನು ಒಂದು ತೆಳುವಾದ ಲ್ಯಾಪ್‌ಟಾಪ್ ತೆಗೆದು ಮುಂದಿಟ್ಟ. “ಹಾಗಾದರೆ ಇದು ಸಾಕು. ಇದರಲ್ಲಿರೋದು ಕಡಿಮೆ ಕರೆಂಟು ತಿನ್ನೋ ಪ್ರೊಸೆಸರ್. ಬಿಸಿ ಆಗಲ್ಲ, ಸದ್ದು ಮಾಡಲ್ಲ. ಮೆಮೊರಿ ಮಾತ್ರ ಸ್ವಲ್ಪ ಜಾಸ್ತಿ ಇರೋದು ತಗೊಳ್ಳಿ. ನಿಮ್ಮ ಹಳೇದು ನಿಂತುಹೋಗಿದ್ದು ಮೆಮೊರಿ ಸಾಲದೆ ಇರಬೇಕು. ಪ್ರೊಸೆಸರಿನದ್ದೇನೂ ತಪ್ಪಿರಲ್ಲ.”

ಅವನು ಹೇಳಿದ್ದು ಸರಿಯಾಗಿತ್ತು. ಆದರೆ ವನಮಾಲಾಳ ಕಿವಿಯಲ್ಲಿ ಉಳಿದದ್ದು ‘ಸಾಕು’ ಎಂಬ ಒಂದು ಮಾತು. ಆ ದಿನ ಐದು ಗಂಟೆಯವರೆಗೆ ಹಳೆಯ ಕಂಪ್ಯೂಟರ್ ಕೂಡ ಸಾಕಾಗಿತ್ತು. ನೋಡಿಕೊಂಡು ಬರುತ್ತೇನೆ ಎಂದು ಹೇಳಿ ಎದ್ದಳು.

ಅವಳ ಅಕ್ಕನ ಮಗ ಪ್ರಜ್ವಲ ಮದುವೆಗಳ ವಿಡಿಯೊ ತೆಗೆಯುವವನು. ನಾಲ್ಕು ಕ್ಯಾಮೆರಾದ ಚಿತ್ರಗಳನ್ನು ಒಟ್ಟಿಗೆ ಜೋಡಿಸುವುದು ಅವನ ಕೆಲಸ. ಅವಳು ಅವನನ್ನು ಕೇಳಿದಳು. ಪ್ರೊಸೆಸರುಗಳಲ್ಲಿ ಮೂರು, ಐದು, ಏಳು, ಒಂಬತ್ತು ಎಂಬ ದರ್ಜೆಗಳಿವೆ ಎಂದು ಅವನು ವಿವರಿಸಿದ. ಅಂಕಿಯ ಕೊನೆಗೆ ಒಂದು ಅಕ್ಷರ ಇರುತ್ತದೆ, ಅದು ಯಂತ್ರ ಎಷ್ಟು ಕರೆಂಟು ತಿಂದು ಎಷ್ಟು ಕೆಲಸ ಮಾಡುತ್ತದೆ ಎಂದು ಹೇಳುತ್ತದೆ ಎಂದ. ತನ್ನದು ಒಂಬತ್ತು ಎಂದ.

“ಚಿಕ್ಕಮ್ಮಾ, ಸಣ್ಣದು ತಗೊಂಡು ಪೇಚಾಡಿದವರನ್ನ ಬೇಕಾದಷ್ಟು ನೋಡಿದೀನಿ. ದೊಡ್ಡದು ತಗೊಂಡು ಪೇಚಾಡಿದವರನ್ನ ಒಬ್ಬರನ್ನೂ ನೋಡಿಲ್ಲ.”

ಆ ಮಾತು ಅವಳಿಗೆ ಸಮಾಧಾನ ಕೊಡಬೇಕಿತ್ತು. ಕೊಡಲಿಲ್ಲ. ಬ್ಯಾಂಕಿನ ಗುಮಾಸ್ತರೊಬ್ಬರು, ಮುಂದಿನ ತಿಂಗಳು ಹೊಸ ತಲೆಮಾರಿನ ಪ್ರೊಸೆಸರ್ ಬರುತ್ತದೆ, ಈಗ ಕೊಂಡರೆ ಹಳೆಯದನ್ನು ಕೊಂಡ ಹಾಗೆ ಎಂದರು. ಕಂಪ್ಯೂಟರ್ ತರಗತಿ ನಡೆಸುವವರೊಬ್ಬರು, ಒಂಬತ್ತರಲ್ಲೂ ಒಳ್ಳೆಯದು ಕೆಟ್ಟದ್ದು ಇದೆ ಎಂದರು. ಬೆಳಗ್ಗೆ ಬೇಗ ಎದ್ದು ಅವಳು ಫೋನಿನಲ್ಲಿ ಹೋಲಿಕೆಯ ವಿಡಿಯೊಗಳನ್ನು ನೋಡತೊಡಗಿದಳು. ಎರಡು ಯಂತ್ರಗಳನ್ನು ಅಕ್ಕಪಕ್ಕ ಇಟ್ಟು ಓಡಿಸುತ್ತಿದ್ದರು. ಒಂದು ಮೊದಲು ಮುಗಿಸುತ್ತಿತ್ತು, ಇನ್ನೊಂದು ಹಿಂದೆ ಬೀಳುತ್ತಿತ್ತು. ಹಿಂದೆ ಬಿದ್ದದ್ದನ್ನು ನೋಡಿದಾಗಲೆಲ್ಲ ಅವಳು ತಾನು ಬರೆದಿಟ್ಟುಕೊಂಡ ಪಟ್ಟಿಯಲ್ಲಿ ಅದರ ಅಂಕಿಯನ್ನು ಹೊಡೆದುಹಾಕುತ್ತಿದ್ದಳು. ಅದು ಎಷ್ಟು ಹಿಂದೆ ಬಿತ್ತು, ಯಾವ ಕೆಲಸದಲ್ಲಿ ಬಿತ್ತು ಎಂದು ಅವಳು ಗಮನಿಸಲಿಲ್ಲ.

ಆ ದಿನಗಳಲ್ಲಿ ದುರ್ಗಪ್ಪ ಎರಡು ಸಲ ಬಂದುಹೋದ. “ಅಮ್ಮಾ, ಅವತ್ತಿಗೆ ಏನೇನು ಅಣಿ ಮಾಡಬೇಕು ಹೇಳಿ. ಹೊಂಗೆ ಮರದ ಕೆಳಗೆ ನೆರಳಿದೆ. ಮೇಜು, ಕುರ್ಚಿ ಹಾಕಿಸ್ತೀವಿ. ಬೇರೆ ಏನಾದರೂ ಬೇಕಾ?”

“ಮೇಜು, ಕುರ್ಚಿ ಇದ್ದರೆ ಆಯ್ತು,” ಎಂದಳು ವನಮಾಲಾ. ಅವಳ ಕಣ್ಣು ಅಂಕಿಗಳ ಪಟ್ಟಿಯ ಮೇಲಿತ್ತು.

ತಾರೀಕಿಗೆ ಐದು ದಿನ ಉಳಿದಾಗ ಅವಳು ಅಂಗಡಿಗೆ ಮರಳಿ ಹೋದಳು. ಒಂಬತ್ತು ಇರುವ, ಅತಿ ಹೆಚ್ಚು ಕೆಲಸ ಮಾಡುವ ಪ್ರೊಸೆಸರಿನ ಲ್ಯಾಪ್‌ಟಾಪ್ ಕೊಡಿ ಎಂದಳು. ಅಂಗಡಿಯವನು ಒಂದು ಗಳಿಗೆ ಅವಳ ಮುಖ ನೋಡಿದ. ಆಗಲೇ ಒಮ್ಮೆ ಬುದ್ಧಿ ಹೇಳಿದ್ದೆ, ಕೇಳಲಿಲ್ಲ ಎಂದುಕೊಂಡಿರಬೇಕು. ಮಾತಾಡದೆ ತೆಗೆದುಕೊಟ್ಟ. ಯಂತ್ರ ಭಾರವಾಗಿತ್ತು. ಚಾರ್ಜರ್ ಒಂದು ಇಟ್ಟಿಗೆಯಷ್ಟಿತ್ತು.

ಮನೆಗೆ ತಂದು ಗೋಡೆಯ ಪ್ಲಗ್ಗಿಗೆ ಹಾಕಿ ತೆರೆದಳು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಪರದೆ ಬೆಳಗಿತು. ಹಳೆಯ ಅರ್ಜಿಗಳನ್ನು ಹತ್ತು, ಇಪ್ಪತ್ತು ಒಟ್ಟಿಗೆ ತೆರೆದಳು. ಎಲ್ಲೂ ನಿಲ್ಲಲಿಲ್ಲ. ಬಹಳ ದಿನಗಳ ಮೇಲೆ ಅವಳು ಹೊಟ್ಟೆ ತುಂಬ ಉಂಡಳು. ಐದು ದಿನ ಅಲ್ಲೇ, ಆ ಪ್ಲಗ್ಗಿನ ಪಕ್ಕದಲ್ಲೇ ಕೂತು ಅಭ್ಯಾಸ ಮಾಡಿದಳು.

ಹತ್ತೊಂಬತ್ತನೇ ತಾರೀಕು ಬಂತು. ಹಿಂದಿನ ರಾತ್ರಿ ತುಂಬ ಚಾರ್ಜ್ ಮಾಡಿ, ಯಂತ್ರವನ್ನು ಚೀಲದಲ್ಲಿ ಇಟ್ಟುಕೊಂಡು ಅವಳು ಕಲ್ಲಹಟ್ಟಿಗೆ ಹೋದಳು. ಹೊಂಗೆ ಮರದ ಕೆಳಗೆ ಮೇಜು ಹಾಕಿದ್ದರು. ಜನ ಒಗೆದ ಬಟ್ಟೆ ಉಟ್ಟು ಕೂತಿದ್ದರು. ಅಧಿಕಾರಿ ಹತ್ತು ಗಂಟೆಗೆ ಜೀಪಿನಲ್ಲಿ, ಬ್ಯಾಟರಿಯ ಮೇಲೆ ನಡೆಯುವ ಪುಟ್ಟ ಪ್ರಿಂಟರಿನೊಡನೆ ಬಂದರು. ಸೌಮ್ಯ ಮನುಷ್ಯ. ಆದರೆ ಆರು ಗಂಟೆಗೆ ತನಿಖೆ ಮುಗಿಸಬೇಕು, ನಾಳೆ ಬೇರೆ ತಾಲ್ಲೂಕಿನಲ್ಲಿ ಕೆಲಸವಿದೆ ಎಂದು ಮೊದಲೇ ಹೇಳಿದರು.

ಹಟ್ಟಿಯಲ್ಲಿ ಎಲ್ಲರಿಗಿಂತ ಹಿರಿಯಳು ತಿಪ್ಪಕ್ಕ. ಏರಿಗೆ ಕಲ್ಲು ಇಡುವಾಗ ಹುಟ್ಟಿದವಳು. ಮೊದಲು ಬಂದವರು ಯಾರು, ಯಾವ ಮನೆ ಮೊದಲು ಎದ್ದಿತು, ಹಿರಿಯರನ್ನು ಹೂಳುತ್ತಿದ್ದ ಜಾಗ ಎಲ್ಲಿಂದ ಎಲ್ಲಿಯವರೆಗೆ ಎಂಬುದೆಲ್ಲ ಅವಳಿಗೊಬ್ಬಳಿಗೇ ಗೊತ್ತಿತ್ತು. ದುರ್ಗಪ್ಪ ಅವಳನ್ನು ಮೊದಲು ಕರೆತಂದ.

“ಅಜ್ಜಿಯದು ದೊಡ್ಡ ಹೇಳಿಕೆ,” ಎಂದಳು ವನಮಾಲಾ. “ಚಿಕ್ಕವನ್ನೆಲ್ಲ ಮೊದಲು ಮುಗಿಸೋಣ. ಕೊನೆಗೆ ಅವರದನ್ನು ನಿಧಾನವಾಗಿ ಬರೆಯುತ್ತೇನೆ.”

ಎಲ್ಲರಿಗೂ ಅದು ಸರಿ ಎನ್ನಿಸಿತು. ತಿಪ್ಪಕ್ಕ ಮರದ ಬೇರಿನ ಮೇಲೆ ಕೂತಳು.

ಕೆಲಸ ಓಡಿತು. ಯಂತ್ರದೊಳಗಿನ ಫ್ಯಾನು ಜೋರಾಗಿ ತಿರುಗುತ್ತಿತ್ತು. ಜನ ದನಿ ಏರಿಸಿ ಮಾತಾಡಬೇಕಾಯಿತು. ಅಧಿಕಾರಿ ಒಂದೆರಡು ಸಲ ಯಂತ್ರದ ಕಡೆ ತಿರುಗಿ ನೋಡಿದರು. ವನಮಾಲಾಳ ಬೆರಳು ನಿಲ್ಲಲಿಲ್ಲ. ಹನ್ನೊಂದೂವರೆಗೆ ಹನ್ನೊಂದನೆಯ ಹೇಳಿಕೆ ಮುಗಿಯಿತು. ಹೀಗೇ ಹೋದರೆ ನಾಲ್ಕಕ್ಕೆಲ್ಲ ಮುಗಿಯುತ್ತದೆ ಎಂದು ಲೆಕ್ಕ ಹಾಕಿ ಅವಳು ಬೆನ್ನು ನೆಟ್ಟಗೆ ಮಾಡಿಕೊಂಡಳು.

ಆಗ ಪರದೆಯ ಮೂಲೆಯಲ್ಲಿ ಕೆಂಪು ಗುರುತು ಕಾಣಿಸಿತು. ಬ್ಯಾಟರಿ ನೂರಕ್ಕೆ ಹತ್ತು ಉಳಿದಿತ್ತು.

ಅವಳ ಕೈ ಚೀಲದೊಳಗೆ ಹೋಯಿತು. ಚಾರ್ಜರ್ ತೆಗೆದಳು. ಅದರ ತಂತಿಯನ್ನು ಹಿಡಿದು ಮರದ ಸುತ್ತ ನೋಡಿದಳು. ಮನೆಗಳ ಕಡೆ ನೋಡಿದಳು. ಕಂಬ ಇರಲಿಲ್ಲ, ತಂತಿ ಇರಲಿಲ್ಲ. ‘ನಮ್ಮ ಹಟ್ಟಿಗೆ ಇಂದಿನವರೆಗೂ ವಿದ್ಯುತ್ ಸಂಪರ್ಕ ಕೊಟ್ಟಿರುವುದಿಲ್ಲ’ ಎಂಬ ಸಾಲನ್ನು ಅವಳೇ ಏಳು ಅರ್ಜಿಗಳಲ್ಲಿ ಬರೆದಿದ್ದಳು.

ಪರದೆಯ ಬೆಳಕು ತಗ್ಗಿಸಿದಳು. ಹನ್ನೆರಡನೆಯ ಹೇಳಿಕೆಯ ನಡುವೆ ಯಂತ್ರ ಕಪ್ಪಾಯಿತು. ಫ್ಯಾನು ನಿಂತಿತು. ಹಟ್ಟಿಯ ಮಂದಿ ಮಾತು ನಿಲ್ಲಿಸಿ ಅವಳನ್ನು ನೋಡಿದರು.

ಜೀಪಿನ ಚಾಲಕ ತನ್ನ ಗಾಡಿಯಲ್ಲಿದ್ದ ಫೋನಿನ ಚಾರ್ಜರ್ ತಂದುಕೊಟ್ಟ. ಅಷ್ಟು ಸಣ್ಣ ಹರಿವಿಗೆ ಆ ಯಂತ್ರ ಎಚ್ಚರಗೊಳ್ಳಲಿಲ್ಲ. ಮೂರು ಮೈಲಿ ಆಚೆಯ ಊರಿನಲ್ಲಿ ಹಿಟ್ಟಿನ ಗಿರಣಿ ಇದೆ, ಅಲ್ಲಿ ಚಾರ್ಜ್ ಮಾಡಿಸಿ ತರುತ್ತೇನೆ ಎಂದ ದುರ್ಗಪ್ಪ. ಲ್ಯಾಪ್‌ಟಾಪನ್ನೂ ಚಾರ್ಜರನ್ನೂ ಎದೆಗೆ ಅವಚಿಕೊಂಡು ಹಟ್ಟಿಯ ಹುಡುಗನೊಬ್ಬನ ಬೈಕಿನ ಹಿಂದೆ ಹತ್ತಿದ. ಅಧಿಕಾರಿ ಕೈಗಡಿಯಾರ ನೋಡಿ, ಆಗಲಿ, ಕಾಯುತ್ತೇನೆ ಎಂದು ಜೀಪಿನಲ್ಲಿ ಹೋಗಿ ಕೂತರು.

ವನಮಾಲಾ ಮೇಜಿನ ಹಿಂದೆಯೇ ಕೂತಿದ್ದಳು. ಖಾಲಿ ಮೇಜು. ಜನ ಉಣ್ಣಲು ಮನೆಗಳಿಗೆ ಹೋಗಿದ್ದರು. ಬೈಕು ಹೋದ ದಾರಿಯ ಮೇಲೆ ಅವಳ ಕಣ್ಣು ನಿಂತಿತ್ತು.

ತಿಪ್ಪಕ್ಕ ಬೇರಿನ ಮೇಲಿಂದ ಎದ್ದು ಬಂದು ಅವಳ ಪಕ್ಕದ ಕುರ್ಚಿಯಲ್ಲಿ ಕೂತಳು. ಈ ಹೆಂಗಸಿನ ಮುಖ ಬಾಡಿದೆ ಎಂದು ಅವಳಿಗೆ ಕನಿಕರ ಬಂದಿರಬೇಕು. ಹೊತ್ತು ಕಳೆಯಲೆಂದು ಮಾತು ತೆಗೆದಳು. ತನ್ನ ಅಪ್ಪ ಯಾವ ಊರಿನಿಂದ ಬಂದ, ಜೊತೆಗೆ ಯಾರು ಬಂದರು, ಮೊದಲ ಗುಡಿಸಲು ಎಲ್ಲಿತ್ತು, ಅದು ಯಾವ ವರ್ಷ ಸುಟ್ಟುಹೋಯಿತು. ತನ್ನ ತಮ್ಮನನ್ನು ಹೂತದ್ದು ಎಲ್ಲಿ, ಅಲ್ಲಿಂದ ಎಷ್ಟು ಹೆಜ್ಜೆ ಆಚೆಗೆ ಅಜ್ಜನನ್ನು ಹೂತರು, ಗುರುತಿಗೆ ಯಾವ ಬಂಡೆಗೆ ಉಳಿಯಿಂದ ಏನು ಕೊರೆದರು. ಒಂದಾದ ಮೇಲೆ ಒಂದು, ಎಲ್ಲೂ ತಡವರಿಸದೆ, ಎದುರಿಗೆ ಕಾಣುತ್ತಿದ್ದುದನ್ನು ಹೇಳುವವಳ ಹಾಗೆ ಹೇಳಿದಳು.

ವನಮಾಲಾ “ಹ್ಞೂಂ ಅಜ್ಜಿ, ಹ್ಞೂಂ” ಎನ್ನುತ್ತಿದ್ದಳು. ಎಲ್ಲಿಯಾದರೂ ಬೈಕಿನ ಸದ್ದು ಕೇಳಿದರೆ ಎದ್ದು ನಿಲ್ಲುತ್ತಿದ್ದಳು. ಗಿರಣಿಯಲ್ಲಿ ಕರೆಂಟು ಇದೆಯೋ ಇಲ್ಲವೋ, ದಾರಿಯಲ್ಲಿ ಯಂತ್ರ ಬಿತ್ತೋ ಏನೋ, ಬಂದರೂ ಎಷ್ಟು ಹೊತ್ತು ನಡೆಯುತ್ತದೋ ಎಂದು ಅವಳ ಮನಸ್ಸು ದಾರಿಯುದ್ದಕ್ಕೂ ಓಡಾಡುತ್ತಿತ್ತು. ತಿಪ್ಪಕ್ಕ ಒಂದು ಗಂಟೆಗೂ ಹೆಚ್ಚು ಮಾತಾಡಿದಳು. ಆಮೇಲೆ ದಣಿದು, ಕರೆಯಲು ಬಂದ ಮಗಳು ರತ್ನಕ್ಕನ ಕೈ ಹಿಡಿದುಕೊಂಡು ಮನೆಗೆ ಹೋಗಿ ಮಲಗಿದಳು.

ದುರ್ಗಪ್ಪ ಬಂದಾಗ ಎರಡು ಗಂಟೆ ದಾಟಿತ್ತು. ಊರಿನಲ್ಲಿ ಕರೆಂಟು ಹೋಗಿತ್ತು. ನಾಲ್ಕಕ್ಕೆ ಬರುತ್ತದೆ ಎಂದಿದ್ದರು. ಅದಕ್ಕಿಂತ ಮೊದಲೇ ಬಂದೀತೆಂದು ಕಾದು, ಇನ್ನು ಪ್ರಯೋಜನವಿಲ್ಲ ಎಂದು ಹೊರಟುಬಂದಿದ್ದ. ಹೋಗುವಾಗ ಹೇಗೆ ಅವಚಿಕೊಂಡಿದ್ದನೋ ಹಾಗೆಯೇ ಅವಚಿಕೊಂಡು ತಂದು ಮೇಜಿನ ಮೇಲಿಟ್ಟ.

ಆಗ ವನಮಾಲಾಳಿಗೆ ಕೇಳಬೇಕೆಂದು ತೋಚಿತು. ಜೀಪಿನ ಹತ್ತಿರ ಹೋಗಿ, “ಸಾರ್, ಉಳಿದದ್ದನ್ನು ಕೈಯಲ್ಲಿ ಬರೆಯಬಹುದಾ?” ಎಂದಳು.

ಆದೇಶದಲ್ಲಿ ಟೈಪ್ ಎಂದಿದೆ, ಕೇಳಿ ನೋಡುತ್ತೇನೆ ಎಂದು ಅಧಿಕಾರಿ ಮೇಲಿನವರಿಗೆ ಫೋನು ಮಾಡಿದರು. ಐದು ನಿಮಿಷದಲ್ಲಿ ಒಪ್ಪಿಗೆ ಸಿಕ್ಕಿತು. ಪ್ರತಿ ಪುಟಕ್ಕೂ ಅವರ ಸಹಿ ಬಿದ್ದರೆ ಆಯಿತು. “ಇದನ್ನು ಆಗಲೇ ಕೇಳಿದ್ದರೆ ಆಗಲೇ ಮಾಡಬಹುದಿತ್ತು,” ಎಂದರು. ಅವರು ಆಕ್ಷೇಪಿಸಲಿಲ್ಲ, ಇದ್ದದ್ದನ್ನು ಹೇಳಿದರು.

ಅವಳ ಚೀಲದಲ್ಲಿ ಎರಡು ಪೆನ್ನೂ ಒಂದು ದಪ್ಪ ನೋಟುಪುಸ್ತಕವೂ ಬೆಳಗ್ಗೆಯಿಂದ ಇದ್ದವು. ತೆಗೆದು ಬರೆಯಲು ಕೂತಳು. ಅಕ್ಷರ ಕೆಡಬಾರದು, ಹೆಸರು ತಪ್ಪಬಾರದು. ಬೆರಳು ಮರಗಟ್ಟಿದವು. ಬರೆದು, ಓದಿ, ಹೆಬ್ಬೆಟ್ಟು ಒತ್ತಿಸಿ, ಸಹಿ ಹಾಕಿಸಿ, ಇಪ್ಪತ್ತನಾಲ್ಕನೆಯ ಹೇಳಿಕೆ ಮುಗಿಯುವಾಗ ಆರು ಗಂಟೆಯಾಯಿತು. ಅಧಿಕಾರಿ ಇನ್ನೂ ಕಾಲು ಗಂಟೆ ನಿಂತು ಇಪ್ಪತ್ತೈದನೆಯದನ್ನೂ ಬರೆಸಿಕೊಂಡರು. ಆಮೇಲೆ ಕೈಮುಗಿದು, ಉಳಿದವರಿಗೆ ಇನ್ನೊಂದು ದಿನ ಗೊತ್ತುಮಾಡುತ್ತಾರೆ ಎಂದು ಹೇಳಿ ಹೊರಟರು. ಒಂಬತ್ತು ಮನೆ ಉಳಿದವು. ತಿಪ್ಪಕ್ಕನದು ಅವುಗಳಲ್ಲಿ ಕೊನೆಯದು.

ಅಜ್ಜಿ ಮಧ್ಯಾಹ್ನ ಹೇಳಿದ್ದನ್ನಾದರೂ ಬರೆದಿಟ್ಟುಕೊಳ್ಳೋಣ ಎಂದು ಬಸ್ಸಿನಲ್ಲಿ ವನಮಾಲಾ ನೋಟುಪುಸ್ತಕ ತೆರೆದಳು. ತಿಪ್ಪಕ್ಕನ ಅಪ್ಪನ ಹೆಸರು ನೆನಪಿಗೆ ಬರಲಿಲ್ಲ. ಊರಿನ ಹೆಸರು ಬರಲಿಲ್ಲ. ಎಷ್ಟೋ ಹೆಜ್ಜೆ ಅಂದಿದ್ದಳು. ಎಷ್ಟು? ಬಂಡೆಯ ಮೇಲೆ ಏನೋ ಕೊರೆದಿದ್ದರು. ಏನು? ಒಂದು ಗಂಟೆಯ ಮಾತಿನಲ್ಲಿ ಅವಳ ಬಳಿ ಉಳಿದದ್ದು ತನ್ನದೇ ‘ಹ್ಞೂಂ’ ಮಾತ್ರ. ಇರಲಿ, ಬೇಗನೆ ಇನ್ನೊಂದು ದಿನ ಸಿಗುತ್ತದೆ, ಆಗ ಮೊದಲು ಅಜ್ಜಿಯದನ್ನೇ ಬರೆಯುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡಳು.

ಆ ವಾರವೇ ಯಂತ್ರವನ್ನು ಅಂಗಡಿಗೆ ಹಿಂದಕ್ಕೆ ಒಯ್ದಳು. ನಡೆದದ್ದನ್ನು ಹೇಳಿದಳು. ಅಂಗಡಿಯವನು ತಲೆ ತಗ್ಗಿಸಿ ಕೇಳಿದ. “ಎಲ್ಲಿ ಕೂತು ಬರೀತೀರಿ ಅಂತ ನಾನು ಕೇಳಬೇಕಿತ್ತು,” ಎಂದ. ಅದನ್ನು ಇಟ್ಟುಕೊಂಡು, ಮೊದಲ ದಿನ ತೋರಿಸಿದ್ದ ತೆಳುವಾದದ್ದನ್ನು ಕೊಟ್ಟ. ವನಮಾಲಾ ಅದನ್ನು ಪ್ಲಗ್ಗಿಗೆ ಹಾಕದೆ ಇಡೀ ಹಗಲು ಬರೆದು ನೋಡಿದಳು. ಸಂಜೆಯಾದರೂ ನಡೆಯುತ್ತಲೇ ಇತ್ತು. ಅವಳು ಬರೆಯುವ ವೇಗಕ್ಕೆ ಅದು ಎಲ್ಲೂ ಹಿಂದೆ ಬೀಳಲಿಲ್ಲ.

ಬೇಗ ಸಿಗುತ್ತದೆ ಎಂದುಕೊಂಡ ದಿನ ಎಂಟು ತಿಂಗಳಾದರೂ ಸಿಗಲಿಲ್ಲ. ನಡುವೆ ಎರಡು ಸಲ ಅವಳು ಹಟ್ಟಿಗೆ ಹೋಗಿ ಅಜ್ಜಿಯ ಮಾತು ಬರೆದುಕೊಂಡು ಬರಬೇಕೆಂದು ಹೊರಟಳು. ಅಧಿಕಾರಿ ಎದುರಿಗೆ ಇಲ್ಲದೆ ಬರೆದದ್ದಕ್ಕೆ ಬೆಲೆಯಿಲ್ಲ ಎಂದು ಯಾರೋ ಹೇಳಿದರು. ಹೇಳಿದ್ದು ನಿಜವೋ ಅಲ್ಲವೋ ಎಂದು ವಿಚಾರಿಸುವುದರಲ್ಲಿ ದಿನಗಳು ಹೋದವು. ದೀಪಾವಳಿ ಕಳೆದ ವಾರ ತಿಪ್ಪಕ್ಕ ನೀರು ತುಂಬುತ್ತ ಕುಸಿದು ಬಿದ್ದಳು. ಜೀವ ಉಳಿಯಿತು. ಬಲಗೈ ಬಿದ್ದುಹೋಯಿತು.

ಎರಡನೆಯ ತನಿಖೆಗೆ ಬೇರೆ ಅಧಿಕಾರಿ ಬಂದರು. ಅದೇ ಹೊಂಗೆ ಮರ. ವನಮಾಲಾ ಯಾರನ್ನೂ ಕೇಳದೆ, ಮೊದಲು ತಿಪ್ಪಕ್ಕನನ್ನು ಕರೆತನ್ನಿ ಎಂದಳು. ರತ್ನಕ್ಕ ತಾಯಿಯನ್ನು ನಡೆಸಿಕೊಂಡು ಬಂದು ಕುರ್ಚಿಯಲ್ಲಿ ಕೂರಿಸಿದಳು. ಲ್ಯಾಪ್‌ಟಾಪ್ ಮೇಜಿನ ಮೇಲೆ ತೆರೆದಿತ್ತು. ಅದರಿಂದ ಸದ್ದೇ ಬರುತ್ತಿರಲಿಲ್ಲ. ಎಷ್ಟು ಮೆಲ್ಲಗೆ ಮಾತಾಡಿದರೂ ಕೇಳಿಸುವಷ್ಟು ಶಾಂತವಾಗಿತ್ತು.

“ಅಜ್ಜಿ, ನಿಮ್ಮ ಹಿರಿಯರು ಇಲ್ಲಿಗೆ ಬಂದದ್ದು ಯಾವಾಗ?” ಎಂದು ಅಧಿಕಾರಿ ಕೇಳಿದರು.

ತಿಪ್ಪಕ್ಕ ಅವರನ್ನು ನೋಡಿದಳು. ಆಮೇಲೆ ವನಮಾಲಾಳನ್ನು ನೋಡಿದಳು. ಮುಖದಲ್ಲಿ ಬೇಸರವಾಗಲಿ ದುಃಖವಾಗಲಿ ಇರಲಿಲ್ಲ.

“ನೀನು ಯಾರ ಮಗಳವ್ವಾ?” ಎಂದಳು.

ರತ್ನಕ್ಕ ಬಾಗಿ ಕಿವಿಯಲ್ಲಿ ಹೇಳಿದಳು. ಅಪ್ಪನ ಹೆಸರು ಹೇಳಮ್ಮ ಎಂದಳು. ತಮ್ಮನನ್ನು ಎಲ್ಲಿ ಮಣ್ಣು ಮಾಡಿದಿರಿ ಹೇಳಮ್ಮ ಎಂದಳು. ತಿಪ್ಪಕ್ಕ ಮಗಳನ್ನೂ ಅದೇ ಪ್ರಶ್ನೆ ಕೇಳಿದಳು. ಅಧಿಕಾರಿ ವನಮಾಲಾಳ ಕಡೆ ತಿರುಗಿ, “ಬರೆದುಕೊಳ್ಳಿ,” ಎಂದರು. ವನಮಾಲಾ ಪ್ರಶ್ನೆಗಳನ್ನು ಒಂದೊಂದಾಗಿ ಬರೆದಳು. ಪ್ರತಿಯೊಂದರ ಕೆಳಗೂ ‘ಉತ್ತರ ಹೇಳಲಿಲ್ಲ’ ಎಂದು ಬರೆದಳು. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳುವುದು ಅವಳ ರೂಢಿ. ಅಂದು ಅವಳಿಗೆ ಓದಲು ಆಗಲಿಲ್ಲ. ಅಧಿಕಾರಿಯೇ ಓದಿದರು. ತಿಪ್ಪಕ್ಕನ ಎಡಗೈ ಹೆಬ್ಬೆರಳನ್ನು ರತ್ನಕ್ಕ ಹಿಡಿದು ಒತ್ತಿಸಿದಳು.

ಉಳಿದ ಎಂಟು ಹೇಳಿಕೆಗಳು ಹನ್ನೆರಡೂವರೆಗೆಲ್ಲ ಮುಗಿದವು. ಬ್ಯಾಟರಿ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು.

ಮುಂದಿನ ವರ್ಷ ಮೂವತ್ತನಾಲ್ಕು ಮನೆಗಳಿಗೂ ಹಕ್ಕುಪತ್ರ ಬಂತು. ಕಂಬ ನೆಟ್ಟರು, ಕರೆಂಟು ಬಂತು. ಹಿರಿಯರನ್ನು ಹೂತ ಜಾಗ ಮಾತ್ರ ಪತ್ರದಲ್ಲಿ ಸೇರಲಿಲ್ಲ. ಅದರ ಎಲ್ಲೆ ಹೇಳಬಲ್ಲವರು ಯಾರೂ ಇರಲಿಲ್ಲ. ಗುರುತಿನ ಬಂಡೆಯನ್ನು ಹುಡುಕಿದರು. ಕಲ್ಲು ಒಡೆಯುವವರ ಹಟ್ಟಿ, ಉಳಿಯ ಗುರುತಿಲ್ಲದ ಬಂಡೆಯೇ ಅಲ್ಲಿರಲಿಲ್ಲ. ಸರ್ಕಾರಿ ಜಾಗವೆಂದು ಆ ನೆಲದ ಸುತ್ತ ಬೇಲಿ ಬಂತು. ತಿಪ್ಪಕ್ಕ ಸತ್ತಾಗ ಅವಳನ್ನು ತಮ್ಮನ ಪಕ್ಕದಲ್ಲಿ ಮಲಗಿಸಲು ಆಗಲಿಲ್ಲ. ಒಂಬತ್ತು ಮೈಲಿ ದೂರದ ಪಟ್ಟಣಕ್ಕೆ ಒಯ್ದರು.

ವನಮಾಲಾ ಆ ದಿನ ಪಟ್ಟಣದ ಸ್ಮಶಾನಕ್ಕೆ ಹೋಗಿದ್ದಳು. ಮಣ್ಣು ಹಾಕಿ ಆದ ಮೇಲೆ ದುರ್ಗಪ್ಪ ಅವಳ ಹತ್ತಿರ ಬಂದು, “ಬಿಸಿಲಿದೆ ಅಮ್ಮಾ, ನೆರಳಿಗೆ ಬನ್ನಿ,” ಎಂದ. ಅವನೂ ಬೈಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಮರುಳಸಿದ್ಧನ ಅಳುಕು ಇನ್ನೂ ಹೋಗಿರಲಿಲ್ಲ. ನೋಟುಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡು, “ಹಾಗಾದರೆ ಗುರುಗಳೇ, ಆ ತೆಳುವಾದದ್ದರಲ್ಲಿ ಇದ್ದ ಪ್ರೊಸೆಸರನ್ನೇ ನಾನೂ ಕೊಳ್ಳಲೇ?” ಎಂದು ಕೇಳಿದ.

“ನೀನು ಯಾರ ಮಾತು ಬರೆದುಕೊಳ್ಳಬೇಕು, ಮರುಳಸಿದ್ಧ?” ಎಂದರು ಗುರುಗಳು.

ಅವನು ಪುಟಗಳನ್ನು ಒಂದೊಂದಾಗಿ ತಿರುವಿದ. ಕೊನೆಯ ಪುಟದವರೆಗೂ ಅಂಕಿಗಳೇ ಇದ್ದವು, ಒಬ್ಬರ ಹೆಸರೂ ಇರಲಿಲ್ಲ.